ಮನೆ ಗೆದ್ದೇ ಮಾರು ಗೆಲ್ಲಬೇಕೆ?

ನಾಲ್ಕು ಜನ ಯುವಕರು ಸೇರಿ ಒಂದು ಕಂಪನಿ ಕಟ್ಟಿ, ವರ್ಷ ತುಂಬುವ ಮೊದಲೇ ಹೊರದೇಶದಲ್ಲಿ ಗಿರಾಕಿಗಳನ್ನು ಅರಸಹೊರಟರೆ ನಮ್ಮ ಹಿರಿಯರ ಬಾಯಲ್ಲಿ ಗಾದೆಯೊಂದು ಸಿದ್ಧವಾಗಿರುತ್ತದೆ: ಮನೆ ಗೆದ್ದು ಮಾರು ಗೆಲ್ಲು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದವರೊಡನೆ ವಾದಿಸುವುದು ಸುಲಭವಲ್ಲ. ಆದರೂ ವ್ಯಾಪಾರದ ಮಟ್ಟಿಗೆ ಇದು ಹಿತವಚನವಲ್ಲ, ಹುಡುಗರ ಕಾಲಿಗೆ ಕಟ್ಟಿದ ಕಲ್ಲು ಎಂದೇ ನಾನು ಹೇಳುತ್ತೇನೆ.

ಇನ್ಫೋಸಿಸ್ಸಿನ ಕಥೆಯನ್ನು ನೋಡಿ. 1981ರಲ್ಲಿ ಏಳು ಮಂದಿ ಇಂಜಿನಿಯರುಗಳು 10,000 ರೂಪಾಯಿ ಬಂಡವಾಳದಿಂದ ಪುಣೆಯಲ್ಲಿ ಅದನ್ನು ಆರಂಭಿಸಿದರು. 1983ರಲ್ಲಿ ಬೆಂಗಳೂರಿಗೆ ತಂದರು. ಅವರಿಗೆ ಗೆಲ್ಲಲು ಮನೆಯಾದರೂ ಎಲ್ಲಿತ್ತು? ಹೊರಗಿನಿಂದ ಒಂದು ಕಂಪ್ಯೂಟರ್ ತರಿಸಬೇಕಾದರೂ ಸರಕಾರದ ಲೈಸೆನ್ಸಿಗಾಗಿ ಕಚೇರಿ ಕಚೇರಿ ಅಲೆಯಬೇಕಾಗಿದ್ದ ಕಾಲವದು. ಅವರ ಮೊದಲ ಗಿರಾಕಿ ನ್ಯೂಯಾರ್ಕಿನ ಸಂಸ್ಥೆ. ತಮ್ಮಲ್ಲಿ ಯಂತ್ರವಿಲ್ಲವೆಂದು ಅಮೆರಿಕಕ್ಕೇ ಹೋಗಿ ಅಲ್ಲಿನ ಯಂತ್ರಗಳ ಮೇಲೆ ಕೆಲಸ ಮಾಡಿಕೊಟ್ಟರು. ಗಾದೆಯನ್ನು ನಂಬಿ ಮನೆಯಲ್ಲೇ ಕುಳಿತಿದ್ದರೆ ಇಂದು ಆ ಹೆಸರು ಯಾರಿಗೆ ತಿಳಿದಿರುತ್ತಿತ್ತು?

ಇನ್ನು ಗಾದೆಯಂತೆ ನಡೆದವರ ಕಥೆ. ಓಲಾ ಹುಟ್ಟಿದ್ದು 2010ರಲ್ಲಿ. ದೇಶದ ಊರೂರುಗಳಲ್ಲಿ ಹೆಸರು ಮಾಡಿಕೊಂಡು, ಎಂಟು ವರ್ಷಗಳಾದ ಮೇಲೆ, 2018ರಲ್ಲಿ, ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡುಗಳಿಗೆ ಕಾಲಿಟ್ಟಿತು. ಅಲ್ಲೆಲ್ಲ ಅಮೆರಿಕದ ಊಬರ್ ಆಗಲೇ ಬೇರೂರಿತ್ತು. ಓಲಾ ಒಯ್ದದ್ದಾದರೂ ಏನನ್ನು? ಅದೇ ಸೇವೆಯನ್ನು, ಜೊತೆಗೆ ಪ್ರಯಾಣಿಕರಿಗೆ ರಿಯಾಯಿತಿ, ಚಾಲಕರಿಗೆ ಕಡಮೆ ಕಮಿಷನ್ನು. ಲೈಸೆನ್ಸಿಲ್ಲದ ಚಾಲಕರೂ ವಾಹನಗಳೂ ಸಾವಿರಕ್ಕೂ ಮೀರಿದ ಪ್ರಯಾಣಗಳಿಗೆ ಬಳಕೆಯಾದುವೆಂದು 2020ರ ಅಕ್ಟೋಬರಿನಲ್ಲಿ ಲಂಡನ್ನಿನ ಸಾರಿಗೆ ಪ್ರಾಧಿಕಾರವು ಅದಕ್ಕೆ ಪರವಾನಗಿ ನಿರಾಕರಿಸಿತು. 2024ರ ಏಪ್ರಿಲಿನಲ್ಲಿ ಓಲಾ ಮೂರು ದೇಶಗಳಲ್ಲೂ ಬಾಗಿಲು ಮುಚ್ಚಿತು. ಭಾರತದಲ್ಲೇ ಬೆಳೆಯಲು ಅಪಾರ ಅವಕಾಶವಿದೆಯೆಂದು ಹೇಳಿಕೆ ಕೊಟ್ಟಿತು!

ಎರಡು ಉದಾಹರಣೆಗಳಿಂದ ಒಂದು ನಿಯಮ ಸಿದ್ಧವಾಗುವುದೆ ಎಂದು ವಾಚಕರು ಕೇಳಬಹುದು. ಇಲ್ಲ, ಆದರೆ ಇರುವ ನಿಯಮವೊಂದನ್ನು ಸಂದೇಹಿಸಲು ಎರಡು ಸಾಕು. ಇನ್ಫೋಸಿಸ್ ಕೂಡ ಅಗ್ಗವಾಗಿಯೇ ಮಾರಲಿಲ್ಲವೆ ಎಂದೂ ಕೆಲವರು ಆಕ್ಷೇಪಿಸಿಯಾರು. ಮಾರಿತು, ನಿಜ. ಅಮೆರಿಕದಲ್ಲಿ ದುಬಾರಿಯಾಗಿದ್ದ ಕೌಶಲ್ಯ ನಮ್ಮಲ್ಲಿ ಕಡಮೆ ಖರ್ಚಿಗೆ ದೊರೆಯುತ್ತಿತ್ತು. ಆ ಅಗ್ಗ ಅದರ ಸ್ವಂತದ್ದು. ಹೂಡಿಕೆದಾರರ ಹಣವನ್ನು ಹಂಚಿ ತೋರಿಸುವ ಅಗ್ಗ ಹಣವಿರುವಷ್ಟು ದಿನದ್ದು.

ಆದ್ದರಿಂದ ಕಂಪನಿಯ ವಯಸ್ಸನ್ನು ಎಣಿಸುವುದನ್ನು ಬಿಟ್ಟು, ಅದರ ಗಂಟಿನಲ್ಲಿ ಏನಿದೆಯೆಂದು ಕೇಳೋಣ. ಹೊರಗಿನವರು ಬಯಸಿ ಕೊಳ್ಳುವ ಕಸುಬಿದ್ದರೆ ಮೊದಲ ದಿನವೇ ವಿಮಾನ ಹತ್ತಲಿ. ಬರಿಯ ರಿಯಾಯಿತಿಯೇ ಇದ್ದರೆ, ಮನೆಯಲ್ಲಿ ಎಷ್ಟು ವರ್ಷ ಗೆದ್ದಿದ್ದರೂ ಹೊರಡದಿರಲಿ. ಬಾಗಿಲು ಮುಚ್ಚಿದ ದಿನ ಹೂಡಿಕೆದಾರನಿಗೆ ಆಗುವುದು ಲೆಕ್ಕದ ನಷ್ಟ. ನಂಬಿ ಬಂದ ಚಾಲಕನಿಗೂ ಗುಮಾಸ್ತನಿಗೂ ತಪ್ಪುವುದು ತಿಂಗಳ ಅನ್ನ.