ತಾಳೆ ನೋಡುವವರು ಯಾರು?

ಪಕ್ಕದ ಮನೆಯ ಹುಡುಗಿ ಎರಡನೇ ಪಿಯುಸಿಯಲ್ಲಿ ಓದುತ್ತಾಳೆ. ಸಿಇಟಿಗೆಂದು ಒಂದು ಪ್ರಶ್ನೆಕೋಶ ಬೇಕಿತ್ತು. ಅಪ್ಪನ ಫೋನಿನಿಂದಲೇ ಒಂದು ಆನ್‌ಲೈನ್ ಅಂಗಡಿಗೆ ಆರ್ಡರ್ ಕೊಟ್ಟಳು. ಬ್ಯಾಂಕಿನಿಂದ ಹಣ ಹೋಯಿತು, 'ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ' ಎಂಬ ಸಂದೇಶವೂ ಬಂತು. ಮೂರು ದಿನದಲ್ಲಿ ಬರಬೇಕಾಗಿದ್ದ ಪುಸ್ತಕ ಎಂಟು ದಿನವಾದರೂ ಬರಲಿಲ್ಲ. ಫೋನ್ ಮಾಡಿ ಕೇಳಿದರೆ, 'ಗೋದಾಮಿನಲ್ಲಿ ಅಂಥ ಆರ್ಡರೇ ಇಲ್ಲವಲ್ಲ' ಎಂಬ ಉತ್ತರ. ಅಪ್ಪನಿಗೆ ಸಿಟ್ಟು ಬಂದದ್ದು ಅಂಗಡಿಯ ಮೇಲಲ್ಲ, ಮಗಳ ಮೇಲೆ. 'ಎಲ್ಲೋ ತಪ್ಪು ಒತ್ತಿದೀಯ. ಕಂಪ್ಯೂಟರು ಸುಳ್ಳು ಹೇಳುತ್ತಾ?'

ಕಂಪ್ಯೂಟರು ಸುಳ್ಳು ಹೇಳಿರಲಿಲ್ಲ. ಹುಡುಗಿಯೂ ತಪ್ಪು ಮಾಡಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಒಂದು ಲೆಕ್ಕವಲ್ಲ, ಎರಡು.

ಬೆಂಗಳೂರಿನ ಯಾವುದಾದರೂ ದರ್ಶಿನಿಯನ್ನು ನೆನಪಿಸಿಕೊಳ್ಳಿ. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆಯುತ್ತೀರಿ. ಅದನ್ನು ಅಡುಗೆಯವರ ಮುಂದಿಟ್ಟು ದೋಸೆಗೆ ಕಾಯುತ್ತೀರಿ. ಗಲ್ಲಾದವನ ಲೆಕ್ಕ ಬೇರೆ, ಅಡುಗೆಯವರ ಲೆಕ್ಕ ಬೇರೆ. ಆದರೂ ಅಲ್ಲಿ ದೋಸೆ ತಪ್ಪಿಹೋಗುವುದು ಅಪರೂಪ. ಏಕೆಂದರೆ ಒಂದು ಲೆಕ್ಕದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವವರು ನೀವೇ. ತಡವಾದರೆ ಕೂಗುವವರೂ ನೀವೇ.

ಆನ್‌ಲೈನ್ ಅಂಗಡಿಯಲ್ಲಿ ಟೋಕನ್ ಹಿಡಿದು ನಿಲ್ಲುವವರಿಲ್ಲ. ಮಾರಾಟದ ತಂತ್ರಾಂಶ ಆರ್ಡರನ್ನು ಬರೆದುಕೊಂಡು, ಸಾಗಣೆಯ ತಂತ್ರಾಂಶಕ್ಕೆ ಒಂದು ಸಂದೇಶ ಕಳಿಸುತ್ತದೆ. ಆ ಹೊತ್ತಿಗೆ ಸಾಗಣೆಯ ಕಂಪ್ಯೂಟರು ರಿಪೇರಿಗೆಂದು ಹತ್ತು ನಿಮಿಷ ನಿಂತಿರಬಹುದು. ಕಳಿಸುವ ತಂತ್ರಾಂಶ ಕೆಲವು ಸಲ ಪ್ರಯತ್ನಿಸಿ ಸುಮ್ಮನಾಗಬಹುದು. ಪಿನ್‌ಕೋಡ್ ತಪ್ಪಿದ್ದರೆ ಅಥವಾ ವಿಳಾಸ ತೀರ ಉದ್ದವಾಗಿದ್ದರೆ ಸಂದೇಶ ತಿರಸ್ಕೃತವಾಗಬಹುದು. ಪುಸ್ತಕದ ಹೊಸ ಮುದ್ರಣ ಬಂದಾಗ ಅದರ ಕೋಡ್ ಒಂದು ಕಡೆ ಬದಲಾಗಿ ಇನ್ನೊಂದು ಕಡೆ ಹಳೆಯದೇ ಉಳಿದಿರಬಹುದು. ಕಾರಣಗಳು ಸಣ್ಣವು, ಆದರೆ ಆರ್ಡರ್ ಮಾತ್ರ ಎರಡು ಲೆಕ್ಕಗಳ ನಡುವೆ ಬಿದ್ದುಹೋಗುತ್ತದೆ.

ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ತಮಾಷೆ ಇರುವುದೇ ಇಲ್ಲಿ. ಆ ದಿನ ಅಂಗಡಿಗೆ 401 ಆರ್ಡರ್ ಬಂದು, ಗೋದಾಮಿಗೆ 400 ಮಾತ್ರ ತಲುಪಿದವು ಎಂದಿಟ್ಟುಕೊಳ್ಳಿ. ಸಂಜೆ ಗೋದಾಮಿನವರು ವರದಿ ಬರೆಯುತ್ತಾರೆ: 'ಬಂದದ್ದು 400, ಕಳಿಸಿದ್ದು 400, ಬಾಕಿ ಇಲ್ಲ.' ನೂರಕ್ಕೆ ನೂರು ಅಂಕ! ಅವರ ಮಟ್ಟಿಗೆ ಅದು ನಿಜವೂ ಹೌದು. ತಪ್ಪಾಗಿ ಬಂದದ್ದು ಗಲಾಟೆ ಮಾಡುತ್ತದೆ. ಬಾರದೇ ಹೋದದ್ದು ಸದ್ದು ಮಾಡುವುದಿಲ್ಲ.

ಹಾಗಾದರೆ ಪರಿಹಾರ? ಹಳೆಯ ಗುಮಾಸ್ತರೆಲ್ಲ ಬಲ್ಲ ಕೆಲಸ: ತಾಳೆ ನೋಡುವುದು. ಮಾರಾಟದ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಸಂಖ್ಯೆ ಸಾಗಣೆಯ ಪಟ್ಟಿಯಲ್ಲಿದೆಯೇ ಎಂದು ಹುಡುಕಬೇಕು. ಮೊದಲ ಪಿಯುಸಿಯ ಗಣಿತದಲ್ಲಿ ಗಣಗಳ ವ್ಯತ್ಯಾಸ ಓದಿದ್ದೀರಲ್ಲ, ಇದು ಅದೇ. ಮೊದಲ ಗಣದಲ್ಲಿದ್ದು ಎರಡನೆಯದರಲ್ಲಿ ಇಲ್ಲದವು ಯಾವುವು? ದಿಕ್ಕು ಮುಖ್ಯ. ಸಾಗಣೆಯ ಪಟ್ಟಿಯಿಂದ ಹೊರಟರೆ ಕಳೆದುಹೋದದ್ದು ಎಂದಿಗೂ ಸಿಗದು.

ಬರೀ ಮೊತ್ತ ಹೋಲಿಸಿದರೂ ಸಾಲದು. ಒಂದು ಆರ್ಡರ್ ಬಿದ್ದುಹೋಗಿ ಇನ್ನೊಂದು ಎರಡು ಸಲ ದಾಖಲಾದರೆ ಮೊತ್ತ ಸರಿಯಾಗಿಯೇ ಇರುತ್ತದೆ! ಐದು ನಿಮಿಷದ ಹಿಂದೆ ಬಂದ ಆರ್ಡರನ್ನು ಕಳೆದುಹೋಗಿದೆ ಎನ್ನಲೂ ಬಾರದು. ಆದ್ದರಿಂದ ಎರಡು ಗಂಟೆಯೋ ನಾಲ್ಕು ಗಂಟೆಯೋ ಒಂದು ಗಡುವು ಇಟ್ಟು, ಅದನ್ನು ಮೀರಿದವನ್ನು ಬೇರೆ ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ದಿನವೂ ನೋಡುವ ಒಬ್ಬ ಮನುಷ್ಯ ಇರಬೇಕು. ಯಾರೂ ನೋಡದ ಪಟ್ಟಿ ಇದ್ದೂ ಇಲ್ಲದಂತೆ.

ಹುಡುಗಿ ಮತ್ತೆ ಫೋನ್ ಮಾಡಿದಳು. ಈ ಸಲ ಬ್ಯಾಂಕಿನ ವಹಿವಾಟು ಸಂಖ್ಯೆ ಕೊಟ್ಟು, 'ಗೋದಾಮಿನಲ್ಲಿ ಬೇಡ, ಮಾರಾಟದ ಲೆಕ್ಕದಲ್ಲಿ ನೋಡಿ' ಎಂದಳು. ಅಲ್ಲಿ ಅವಳ ಆರ್ಡರ್ ಇತ್ತು. ಎರಡು ದಿನ ಕಳೆದು ಪುಸ್ತಕ ಬಂತು. ಮರುದಿನ ಇನ್ನೊಂದೂ ಬಂತು!

ಇದು ಮರುಕಳಿಸುವಿಕೆಯ ತೊಡಕು. ಕಳಿಸಿದ ಸಂದೇಶಕ್ಕೆ ಉತ್ತರ ಬರದಿದ್ದರೆ, ದಾರಿಯಲ್ಲಿ ಕಳೆದದ್ದು ಸಂದೇಶವೋ ಅದರ ಉತ್ತರವೋ ತಿಳಿಯದು. ಕಣಿವೆಯಲ್ಲಿ ಶತ್ರು, ಎರಡು ಬೆಟ್ಟಗಳ ಮೇಲೆ ಒಂದೇ ಪಕ್ಷದ ಇಬ್ಬರು ಸೇನಾಪತಿಗಳು. ಓಲೆಕಾರ ತಲುಪಿದನೋ ಇಲ್ಲವೋ ಎಂಬುದು ಇಬ್ಬರಿಗೂ ಖಚಿತವಿಲ್ಲ. 1978ರಲ್ಲಿ ಗಣಕ ವಿಜ್ಞಾನಿ ಜಿಮ್ ಗ್ರೇ ಇದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಎಂದೇ ಹೆಸರಿಟ್ಟರು. ಪೂರ್ಣ ಪರಿಹಾರವಿಲ್ಲದ ಈ ಸಮಸ್ಯೆಗೆ ಒಂದು ಉಪಾಯವುಂಟು: ಎಷ್ಟು ಸಲ ಕಳಿಸಿದರೂ ಸಂಖ್ಯೆ ಒಂದೇ ಇರಲಿ, ಅದೇ ಸಂಖ್ಯೆ ಮತ್ತೆ ಬಂದರೆ ಗೋದಾಮು ಅದನ್ನು ಬದಿಗಿಡಲಿ. ಈ ಅಂಗಡಿಯವರು ಹೊಸ ಸಂಖ್ಯೆ ಕೊಟ್ಟಿರಬೇಕು.

ಪೋಷಕರಿಗೆ ಎರಡು ಮಾತು. ಆರ್ಡರ್ ಸಂಖ್ಯೆಯನ್ನೂ ಬ್ಯಾಂಕಿನ ವಹಿವಾಟು ಸಂಖ್ಯೆಯನ್ನೂ ಬರೆದಿಡಿ. ಯುಪಿಐಯಲ್ಲಿ ಹಣ ಹೋಗಿ, ಅಂಗಡಿಗೆ ಅದರ ಖಾತ್ರಿ ತಲುಪದಿದ್ದರೆ, ವಹಿವಾಟಿನ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮ. ಹಣ ಅಂಗಡಿಗೆ ತಲುಪಿಯೂ ಸಾಮಾನು ಬಾರದಿದ್ದರೆ ಅಂಗಡಿಗೇ ದೂರು ಕೊಡಿ. 2020ರ ಇ-ವಾಣಿಜ್ಯ ನಿಯಮಗಳಂತೆ ಅವರು 48 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಎರಡನೆಯ ಪುಸ್ತಕವನ್ನು ವಾಪಸು ಒಯ್ಯಿರೆಂದು ಹುಡುಗಿ ಅಂಗಡಿಗೆ ಬರೆದಳು. ಅಪ್ಪ ನನ್ನ ಬಳಿ ಹೇಳಿದರು: 'ಮಗಳು ಹೇಳಿದ್ದು ಒಂದು ಲೆಕ್ಕ, ಅಂಗಡಿಯವರು ಹೇಳಿದ್ದು ಇನ್ನೊಂದು. ನಾನು ತಾಳೆ ನೋಡದೆ ತೀರ್ಪು ಕೊಟ್ಟುಬಿಟ್ಟೆ.' ಅದನ್ನು ಮಗಳಿಗೂ ಹೇಳಿ ಎಂದೆ. ಹೇಳಿದರಂತೆ.