ವಾಣಿಜ್ಯ ಒಪ್ಪಂದಗಳೂ ದೇಶೀಯ ಉದ್ಯಮಗಳೂ

ಕನ್ನಡದ ‘ಒಪ್ಪು’ ಎಂಬ ಮಾತಿಗೆ ಸಮ್ಮತಿ ಎಂಬ ಅರ್ಥವೂ ಉಂಟು, ಶೋಭೆ ಎಂಬ ಅರ್ಥವೂ ಉಂಟು. ರಾಷ್ಟ್ರ ರಾಷ್ಟ್ರಗಳ ನಡುವಣ ವಾಣಿಜ್ಯ ಒಪ್ಪಂದಗಳಲ್ಲಿ ಸಮ್ಮತಿಯೇನೋ ಇರುತ್ತದೆ. ಅದು ಉಭಯರಿಗೂ ಶೋಭಿಸುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಒಪ್ಪಂದಗಳಿಂದ ವಿದೇಶೀ ಬಂಡವಾಳ ಹರಿದುಬರುವುದೆಂಬ ಮಾತು ಸುಳ್ಳಲ್ಲ. ನಿಯಮಗಳು ಸ್ಥಿರವಾಗಿದ್ದು, ಸುಂಕಗಳು ಏಕಾಏಕಿ ಏರುವ ಭಯವಿಲ್ಲದಿದ್ದರೆ ಹೊರಗಿನವನು ಧೈರ್ಯದಿಂದ ಹಣ ತೊಡಗಿಸುತ್ತಾನೆ. ವಿಯೆಟ್ನಾಂ 2007ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದ ಬಳಿಕ ಅಲ್ಲಿ ಭಾರೀ ವಿದೇಶೀ ಕಾರ್ಖಾನೆಗಳು ತಲೆಯೆತ್ತಿದವು. ಆದರೆ ಇಂದು ಆ ದೇಶದ ರಫ್ತಿನಲ್ಲಿ ಮೂರನೆಯ ಎರಡು ಪಾಲಿಗೂ ಮಿಕ್ಕಿ ವಿದೇಶೀ ಬಂಡವಾಳದ ಸಂಸ್ಥೆಗಳದೇ. ಸ್ಥಳೀಯ ಉದ್ಯಮಿಗೆ ದಕ್ಕಿದ ಪಾಲು ಅಲ್ಪ.

ನಮ್ಮ ದೇಶದ ಅನುಭವ ಬೇರೆಯದು. 1983ರಲ್ಲಿ ಮಾರುತಿ ಕಾರು ಹೊರಬಂದಾಗ ಅದರ ಭಾಗಗಳು ಬಹುಮಟ್ಟಿಗೆ ಜಪಾನಿನವು. ಅವನ್ನು ಕ್ರಮೇಣ ಇಲ್ಲಿಯೇ ತಯಾರಿಸಬೇಕೆಂಬ ಸರ್ಕಾರದ ಕಟ್ಟಳೆಯಿಂದಾಗಿ ಬಿಡಿಭಾಗಗಳ ತಯಾರಕರು ಅನೇಕರು ಬೆಳೆದರು. 1997ರಲ್ಲಿ ಹೊಸ ಕಾರು ಕಂಪನಿಗಳಿಗೂ ಷರತ್ತು ವಿಧಿಸಲಾಯಿತು: ಮೂರು ವರ್ಷಗಳಲ್ಲಿ ಶೇಕಡ 50, ಐದು ವರ್ಷಗಳಲ್ಲಿ ಶೇಕಡ 70 ಭಾಗ ದೇಶೀಯವಾಗಿರಬೇಕು. ಅಮೆರಿಕವೂ ಯುರೋಪಿಯನ್ ಒಕ್ಕೂಟವೂ ದೂರು ಕೊಟ್ಟವು. ಇದು ನಿಯಮಬಾಹಿರವೆಂದು ವಿಶ್ವ ವಾಣಿಜ್ಯ ಸಂಸ್ಥೆಯ ವಿಚಾರಣಾ ಮಂಡಳಿ 2001ರ ಡಿಸೆಂಬರಿನಲ್ಲಿ ಹೇಳಿತು. ಭಾರತವು ಷರತ್ತನ್ನು ಕೈಬಿಟ್ಟಿತು. ಆದರೂ ನಮ್ಮ ತಯಾರಕರು ಕುಸಿಯಲಿಲ್ಲ. ಅಷ್ಟರಲ್ಲಿ ಅವರ ಕೈ ಪಳಗಿತ್ತು. ಸಿದ್ಧ ಕಾರುಗಳ ಮೇಲಿನ ಹೆಚ್ಚಿನ ಆಮದು ಸುಂಕದ ಆಸರೆಯೂ ಇತ್ತು. ಇಂದು ಅವರ ಸರಕು ಹೊರದೇಶಗಳಿಗೂ ಹೋಗುತ್ತಿದೆ.

ರಕ್ಷಣೆಯು ಆಲಸ್ಯವನ್ನು ಬೆಳೆಸುವುದೆಂದು ಆಕ್ಷೇಪಿಸುವವರುಂಟು. ಪೈಪೋಟಿಯಿಲ್ಲದ ಕಾಲದಲ್ಲಿ ಅಂಬಾಸಿಡರ್ ಕಾರು ದಶಕಗಳ ಕಾಲ ಹೆಚ್ಚು ಮಾರ್ಪಾಡಿಲ್ಲದೆ ಓಡಿದ್ದನ್ನು ಕಂಡವರು ಈ ಆಕ್ಷೇಪವನ್ನು ತಳ್ಳಿಹಾಕಲಾರರು. ಆದ್ದರಿಂದ ರಕ್ಷಣೆಗೆ ಅವಧಿಯಿರಬೇಕು. ಆ ಅವಧಿಯಲ್ಲಿ ಕಲಿಕೆ ನಡೆಯಬೇಕು. ಸಸಿಗೆ ಬೇಲಿ ಬೇಕು, ಮರಕ್ಕೆ ಬೇಡ. ಆದರೆ ಸಸಿಯನ್ನೇ ನೆಡದೆ ಬೇಲಿ ಕಿತ್ತವನಿಗೆ ನೆರಳು ದೊರೆಯದು.

ಇಂದು ಹಳೆಯ ಷರತ್ತುಗಳನ್ನು ವಿಧಿಸುವ ಸ್ವಾತಂತ್ರ್ಯ ಬಡರಾಷ್ಟ್ರಗಳಿಗೆ ಬಹುಮಟ್ಟಿಗೆ ಉಳಿದಿಲ್ಲ. ಉಳಿದಿರುವ ಸಾಧನಗಳೆಂದರೆ ಕುಶಲ ಶಿಕ್ಷಣ, ಸಣ್ಣ ಉದ್ಯಮಿಗೆ ಸುಲಭ ಸಾಲ, ಸರಕಿನ ಗುಣಪರೀಕ್ಷೆಯ ವ್ಯವಸ್ಥೆ. ಇವನ್ನು ಯಾವ ಒಪ್ಪಂದವೂ ನಿಷೇಧಿಸಿಲ್ಲ. ಇವುಗಳನ್ನು ಅಣಿಮಾಡಿಕೊಂಡ ಮೇಲೆ ರುಜು ಹಾಕುವುದು ವಿವೇಕ. ನಾಳೆ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯಲಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು.