ಲಿನಕ್ಸ್‌ನಲ್ಲಿ ವಿಡಿಯೊ ಓಡುವುದಿಲ್ಲ, ವೈಫೈ ಸಿಗುವುದಿಲ್ಲ: ಇದು ನಿಜವೇ?

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡವರ ದೂರುಗಳು ಸಾಮಾನ್ಯವಾಗಿ ಎರಡು. ವಿಡಿಯೊ ತೆರೆದರೆ ಬರೀ ಧ್ವನಿ ಬರುತ್ತದೆ, ಚಿತ್ರ ಕಾಣುವುದಿಲ್ಲ. ವೈಫೈ ಪಟ್ಟಿಯಂತೂ ಖಾಲಿ. ಇದಕ್ಕೆ "ಪುಕ್ಕಟೆ ಸಿಕ್ಕಿದ್ದು ಹೀಗೇ" ಎನ್ನುವವರಿದ್ದಾರೆ. "ಈ ಒಂದು ಕಮಾಂಡ್ ಹಾಕಿ, ಎಲ್ಲ ಸರಿಹೋಗುತ್ತದೆ" ಎಂದು ಫಾರ್ವರ್ಡ್ ಮಾಡುವವರೂ ಇದ್ದಾರೆ. ಮೊದಲನೆಯದು ತಪ್ಪು ತಿಳಿವಳಿಕೆ, ಎರಡನೆಯದು ಅಪಾಯ.

ವಿಡಿಯೊ ಏಕೆ ಓಡುವುದಿಲ್ಲ?

ವಿಡಿಯೊ ಫೈಲನ್ನು ಊಟದ ಡಬ್ಬಿ ಎಂದುಕೊಳ್ಳೋಣ. ಎಂಪಿ4, ಎಂಕೆವಿ ಎಂಬುವು ಡಬ್ಬಿಯ ಹೆಸರುಗಳಷ್ಟೆ. ಒಳಗಿನ ಚಿತ್ರವನ್ನು ಎಚ್.264, ಎಚ್.265 ಮುಂತಾದ ವಿಧಾನಗಳಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ. ಅದನ್ನು ಬಿಡಿಸುವ ತಂತ್ರಾಂಶವೇ ಕೋಡೆಕ್. ಇಂಥ ಹಲವು ವಿಧಾನಗಳಿಗೆ ಪೇಟೆಂಟ್ ಇರುವುದರಿಂದ ಕೆಲವು ಲಿನಕ್ಸ್‌ಗಳು ಅವುಗಳ ಕೋಡೆಕ್ಕನ್ನು ಜೊತೆಯಲ್ಲಿ ಕೊಡುವುದಿಲ್ಲ. ಎಂಪಿ3 ಹಾಡುಗಳ ಕಥೆಯೂ ಹೀಗೇ ಇತ್ತು. 2017ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪರವಾನಗಿ ವ್ಯವಸ್ಥೆ ಕೊನೆಗೊಂಡ ಮೇಲೆ ಫೆಡೋರಾ ಅದಕ್ಕೆ ಪೂರ್ಣ ಬೆಂಬಲ ಕೊಟ್ಟಿತು.

ಐಫೋನ್ ಮತ್ತು ಹಲವು ಆಂಡ್ರಾಯ್ಡ್ ಫೋನ್‌ಗಳು ಎಚ್.265ರಲ್ಲಿ ವಿಡಿಯೊ ತೆಗೆಯಬಲ್ಲವು. ನಿಮ್ಮ ಫೋನಿನಲ್ಲಿ ಚೆನ್ನಾಗಿ ಓಡಿದ ಮದುವೆ ವಿಡಿಯೊ ಲ್ಯಾಪ್‌ಟಾಪ್‌ನಲ್ಲಿ ನಿಂತರೆ ಇದೇ ಕಾರಣವಿರಬಹುದು. ಒಂದೇ ಫೈಲ್ ಓಡದಿದ್ದರೆ ಅದು ಅರ್ಧಕ್ಕೇ ಡೌನ್‌ಲೋಡ್ ಆಗಿದೆಯೇ ನೋಡಿ. ಒಂದು ಬಗೆಯ ಫೈಲುಗಳೆಲ್ಲ ಓಡದಿದ್ದರೆ ಕೋಡೆಕ್ ಇಲ್ಲ ಎಂದೇ ಅನುಮಾನಿಸಿ. ಉಬುಂಟುವಿನಲ್ಲಿ "ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್" ಎಂಬ ಪ್ಯಾಕೇಜ್ ಅಥವಾ ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಹೆಚ್ಚಿನ ಫೈಲುಗಳು ಓಡುತ್ತವೆ.

ವೈಫೈ ಏಕೆ ಸಿಗುವುದಿಲ್ಲ?

ವೈಫೈ ಚಿಪ್ ಕೆಲಸ ಮಾಡಲು ಡ್ರೈವರ್ ಜೊತೆಗೆ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶವೂ ಬೇಕಾಗುತ್ತದೆ. ಅದನ್ನು ಚಿಪ್ ತಯಾರಿಸಿದ ಕಂಪನಿಯೇ ಕೊಡಬೇಕು. ಅದರ ಮೂಲ ಕೋಡ್ ಮುಕ್ತವಲ್ಲದ ಕಾರಣಕ್ಕೆ ಡೆಬಿಯನ್ ಬಹುಕಾಲ ಅದನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಯಲ್ಲೇ ಬರುತ್ತಿದೆ.

ವೈಫೈ ಕಾಣದಿದ್ದರೆ ಮೊದಲು ಏರೋಪ್ಲೇನ್ ಮೋಡ್ ಆನ್ ಆಗಿದೆಯೇ, ಲ್ಯಾಪ್‌ಟಾಪ್‌ನ ವೈಫೈ ಗುಂಡಿ ಆಫ್ ಆಗಿದೆಯೇ ನೋಡಿ. ಆಮೇಲೆ ನಿಮ್ಮ ಫೋನನ್ನೇ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಇದಕ್ಕೆ ಬೇರೆ ಡ್ರೈವರ್ ಬೇಕಿಲ್ಲ. ಇಂಟರ್ನೆಟ್ ಬಂದ ಮೇಲೆ ಅಪ್‌ಡೇಟ್ ಮಾಡಿ. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ತೆರೆದರೆ ಬ್ರಾಡ್‌ಕಾಮ್‌ನಂಥ ಕೆಲವು ಚಿಪ್‌ಗಳಿಗೆ ಬೇಕಾದ ಡ್ರೈವರನ್ನು ಅದೇ ಸೂಚಿಸುತ್ತದೆ.

ಒಂದೇ ಕಮಾಂಡ್ ಎಲ್ಲರಿಗೂ ಆಗುತ್ತದೆಯೇ?

ಆಗುವುದಿಲ್ಲ. ಇಂಟೆಲ್ ಚಿಪ್‌ನ ಫರ್ಮ್‌ವೇರ್ ರಿಯಲ್‌ಟೆಕ್ ಚಿಪ್‌ಗೆ ಹೊಂದುವುದಿಲ್ಲ. ಫೆಡೋರಾದ ಕಮಾಂಡ್ ಉಬುಂಟುವಿನಲ್ಲಿ ನಡೆಯದೇ ಇರಬಹುದು. ಅದಕ್ಕಿಂತ ಮುಖ್ಯವಾಗಿ, "ಸುಡೊ" ಎಂದು ಶುರುವಾಗುವ ಕಮಾಂಡ್‌ಗೆ ನೀವು ಪಾಸ್‌ವರ್ಡ್ ಕೊಟ್ಟರೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಟ್ಟಂತೆ. ಅದರ ಮುಂದೆ "ಆರ್‌ಎಂ" ಇದ್ದರೆ ಅದು ಅಳಿಸುವ ಆಜ್ಞೆ. ಮಕ್ಕಳ ಫೋಟೊ, ಜಮೀನಿನ ದಾಖಲೆ ಯಾವುದೂ ಉಳಿಯದೇ ಹೋಗಬಹುದು. ಕಸದ ಬುಟ್ಟಿಯಲ್ಲೂ ಅವು ಸಿಗುವುದಿಲ್ಲ.

ಹಾಗಾಗಿ ಅರ್ಥವಾಗದ ಕಮಾಂಡನ್ನು ಹಾಕಲೂಬೇಡಿ, ಬೇರೆಯವರಿಗೆ ಕಳಿಸಲೂಬೇಡಿ. ಸಹಾಯ ಕೇಳುವಾಗ ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ವೈಫೈ ಚಿಪ್‌ನ ಹೆಸರು, ಪರದೆಯಲ್ಲಿ ಕಂಡ ದೋಷದ ಸಂದೇಶ ಈ ಮೂರನ್ನೂ ಬರೆದು ಕೇಳಿ. ಗೊತ್ತಿದ್ದವರಿಗೆ ದಾರಿ ತೋರಿಸಲು ಅಷ್ಟು ವಿವರ ಬೇಕೇ ಬೇಕು.